ಹಾವೇರಿ ಸೀಮೆಯ ಹಿತ್ತಲು: ಚೈತ್ರ ಬಿತ್ತುವ ಕಾಲವೋ, ಕಾಯುವ ಕಾಲವೋ?

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುವ ಮಾತು ಹಾವೇರಿ ಕಡೆ ಅಕ್ಷರಶಃ ನಿಜ. ಅದರ ಬೆನ್ನಿಗೇ ಹೋಳಿ ಹುಣ್ಣಿಮೆ, ಆಮೇಲೆ ಯುಗಾದಿ. ಪಂಚಾಂಗದ ಪ್ರಕಾರ ವಸಂತ. ಬೇವು ಹೂ ಬಿಟ್ಟಿರುತ್ತದೆ, ಹೊಂಗೆ ಚಿಗುರಿರುತ್ತದೆ, ಮಾವಿನಲ್ಲಿ ಮಿಡಿ ತೂಗುತ್ತಿರುತ್ತದೆ. ಇದನ್ನೆಲ್ಲ ನೋಡಿದವರಿಗೆ ಹಿತ್ತಲಲ್ಲಿ ಏನಾದರೂ ಬಿತ್ತಬೇಕು ಅನ್ನಿಸುವುದು ಸಹಜ. ಮೊಬೈಲ್‌ನಲ್ಲಿ ಕೈತೋಟದ ವಿಡಿಯೊಗಳೂ ಇದೇ ಹೊತ್ತಿಗೆ ಹೆಚ್ಚಾಗುತ್ತವೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಬೀಜದ ಅಂಗಡಿಗಳಿಂದ ಟೊಮೆಟೊ, ದೊಣ್ಣಮೆಣಸಿನಕಾಯಿ, ಗಜ್ಜರಿ ಬೀಜದ ಬಣ್ಣದ ಪೊಟ್ಟಣಗಳು ಮನೆ ಸೇರುತ್ತವೆ. ಮೇ ಬರುವಷ್ಟರಲ್ಲಿ ಆ ಮನೆಗಳ ಹಿಂದೆ ಒಣಗಿದ ಕುಂಡಗಳ ಸಾಲು. ‘ನಮ್ಮ ಕೈಗುಣ ಚಲೋ ಇಲ್ಲ’ ಎಂದು ಮನೆಯವರು ಕೈಬಿಡುತ್ತಾರೆ.

ಕೈಗುಣಕ್ಕೆ ಏನೂ ಆಗಿರುವುದಿಲ್ಲ, ಕಾಲ ತಪ್ಪಿರುತ್ತದೆ. ವಸಂತದಲ್ಲಿ ತರಕಾರಿ ನಡಿ ಎಂಬ ಸಲಹೆ ಹಿಮ ಕರಗುವ ದೇಶಗಳದ್ದು. ಅಲ್ಲಿ ಮಾರ್ಚ್-ಏಪ್ರಿಲ್ ಎಂದರೆ ನೆಲ ಬೆಚ್ಚಗಾಗುವ ಕಾಲ. ಇಲ್ಲಿ ನೆಲ ಕಾಯುವ ಕಾಲ. ಹಾವೇರಿ ಜಿಲ್ಲೆಯ ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಮುಗಿಯುತ್ತದೆ. ಇಲ್ಲಿನ ಬಿತ್ತನೆ ಶುರುವಾಗುವುದು ರೋಹಿಣಿ, ಮೃಗಶಿರ ಮಳೆಗೆ. ಹಾಗೆಂದು ಚೈತ್ರ-ವೈಶಾಖದಲ್ಲಿ ಹಿತ್ತಲಿಗೆ ಕೆಲಸವಿಲ್ಲ ಎಂದಲ್ಲ, ಕೆಲಸದ ಬಗೆ ಬೇರೆ. ನೀರು ಉಳಿಸುವುದು, ಹಣ್ಣಿನ ಗಿಡ ಕಾಯುವುದು, ಬೀಜ ಎತ್ತಿಡುವುದು, ಕುಣಿ ತೋಡಿಡುವುದು. ಇದಿಷ್ಟನ್ನು ಸರಿಯಾಗಿ ಮಾಡಿದವರ ಹಿತ್ತಲು ಶ್ರಾವಣಕ್ಕೆ ತಾನೇ ತುಂಬುತ್ತದೆ.

ಮೊದಲು ನೀರಿನ ಲೆಕ್ಕ ನೋಡೋಣ, ಏಕೆಂದರೆ ಉಳಿದ ಮಾತೆಲ್ಲ ಇದರ ಮೇಲೆ ನಿಂತಿದೆ. ಏಪ್ರಿಲ್ ಬಿಸಿಲಿಗೆ ಈ ಭಾಗದಲ್ಲಿ ನೆಲದಿಂದ ಮತ್ತು ಎಲೆಯಿಂದ ದಿನಕ್ಕೆ ಸುಮಾರು 6 ಮಿಲಿಮೀಟರ್ ನೀರು ಆವಿಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಮಡಿ 9 ಚದರ ಮೀಟರಿಗಿಂತ ತುಸು ಹೆಚ್ಚು. ಅಂದರೆ ಆ ಒಂದು ಮಡಿಗೇ ದಿನಕ್ಕೆ 55 ಲೀಟರಿನಷ್ಟು, ಹೆಚ್ಚುಕಡಿಮೆ ನಾಲ್ಕು ಕೊಡ ನೀರು ಬೇಕು. ನಳದ ನೀರು ದಿನ ಬಿಟ್ಟು, ಕೆಲವು ಬಡಾವಣೆಗಳಲ್ಲಿ ವಾರ ಬಿಟ್ಟು ಬರುವ ಊರಲ್ಲಿ ನಾಲ್ಕು ಕೊಡ ಸಣ್ಣ ಮಾತಲ್ಲ. ಪೂರ್ವಕ್ಕೆ ತುಂಗಭದ್ರೆ, ಇತ್ತ ವರದಾ, ಕುಮುದ್ವತಿ ಹರಿಯುವ ಜಿಲ್ಲೆ ಇದು. ಆದರೂ ಬೇಸಿಗೆಯಲ್ಲಿ ಹಿತ್ತಲಿಗೆ ಸಿಗುವುದು ಬಚ್ಚಲ ನೀರು ಮಾತ್ರ.

ಬಚ್ಚಲ ನೀರಿನ ಬಗ್ಗೆ ಎರಡು ಅತಿರೇಕದ ಮಾತು ಕೇಳಿಬರುತ್ತವೆ. ಅದು ಅಮೃತ ಎನ್ನುವವರು ಕೆಲವರು, ವಿಷ ಎನ್ನುವವರು ಕೆಲವರು. ಸೀಗೆಕಾಯಿ, ಕಡಲೆಹಿಟ್ಟಿನ ಕಾಲದ ಬಚ್ಚಲು ಬೇರೆ, ಸೋಪಿನ ಪುಡಿಯ ಬಚ್ಚಲು ಬೇರೆ. ಸೋಪಿನ ಪುಡಿಯಲ್ಲಿ ಸೋಡಿಯಂ ಇರುತ್ತದೆ. ಎರಿ ಮಣ್ಣಿಗೆ ಅದು ವರ್ಷಗಟ್ಟಲೆ ಇಳಿದರೆ ಮಣ್ಣಿನ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಒಳಗೆ ಇಂಗುವುದಿಲ್ಲ, ಒಣಗಿದಾಗ ನೆಲ ಕಲ್ಲಾಗುತ್ತದೆ. ಮಸಾರಿ ಮಣ್ಣಿನಲ್ಲಿ ಈ ತೊಂದರೆ ಕಡಿಮೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ತಾಲೂಕುಗಳಲ್ಲಿ ಎರಿಯೂ ಇದೆ, ಮಸಾರಿಯೂ ಇದೆ. ನಿಮ್ಮ ಹಿತ್ತಲು ಯಾವುದು ಎಂದು ಒಂದು ಮುಷ್ಟಿ ಒದ್ದೆ ಮಣ್ಣು ಹಿಡಿದರೆ ಗೊತ್ತಾಗುತ್ತದೆ. ಸ್ನಾನದ ನೀರು, ಅಕ್ಕಿ-ಬೇಳೆ ತೊಳೆದ ನೀರು ಯಾವ ಗಿಡಕ್ಕಾದರೂ ಸರಿ. ಬಟ್ಟೆ ಒಗೆದ ಮೊದಲ ನೀರು ಮೋರಿಗೇ ಹೋಗಲಿ. ಜಾಲಿಸಿದ ನೀರು ಬಾಳೆಗೆ, ತೆಂಗಿಗೆ. ತಪ್ಪಲ ಪಲ್ಯದ ಮಡಿಗೆ ಬೇಡ.

ನೀರು ಹಾಕುವುದಕ್ಕಿಂತ ಹಾಕಿದ ನೀರನ್ನು ಹಿಡಿದಿಡುವುದು ಅಗ್ಗ. ಗೋವಿನಜೋಳದ ರವದಿ, ಶೇಂಗಾ ಹೊಟ್ಟು ಈ ಜಿಲ್ಲೆಯಲ್ಲಿ ಬೇಕಾದಷ್ಟು. ಹೊಲದ ಬದುವಿನಲ್ಲಿ ಸುಟ್ಟು ಬೂದಿಯಾಗುವ ರವದಿಯನ್ನು ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿದರೆ ನಾಲ್ಕು ಕೊಡದ ಜಾಗದಲ್ಲಿ ಎರಡೂವರೆ ಕೊಡ ಸಾಕಾದೀತು. ಹೊಸದಾಗಿ ನೆಟ್ಟ ಹಣ್ಣಿನ ಸಸಿಯಿದ್ದರೆ ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆ ಕುತ್ತಿಗೆಯವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿ. ಗಡಿಗೆ ಒಸರಿದಷ್ಟನ್ನೇ ಬೇರು ಕುಡಿಯುತ್ತದೆ.

ಇನ್ನು ತರಕಾರಿ. ಈ ಕಾಲದಲ್ಲಿ ಬರುವುದು ಯಾವುದು, ಬಾರದ್ದು ಯಾವುದು ಎಂಬುದರಲ್ಲಿ ಅಜ್ಜಿಯರ ಅನುಭವಕ್ಕೂ ವಿಶ್ವವಿದ್ಯಾಲಯದ ಪುಸ್ತಕಕ್ಕೂ ಜಗಳವಿಲ್ಲ. ಬೇಸಿಗೆಗೆ ಒಗ್ಗುವವು ಬಳ್ಳಿಗಳು: ಹೀರೆ, ಹಾಗಲ, ಸೌತೆ, ತೊಂಡೆ. ಜೊತೆಗೆ ಚವಳಿಕಾಯಿ, ಬೆಂಡಿ. ಆದರೆ ಇವನ್ನೂ ಯುಗಾದಿಗೆ ಊರಿದರೆ ತಡವೇ. ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ ಊರಿರಬೇಕು. ಬೇರು ಆಳಕ್ಕೆ ಇಳಿದಮೇಲೆ ಬಿಸಿಲು ಬಂದರೆ ಬಳ್ಳಿ ತಡೆಯುತ್ತದೆ. ಚವಳಿ ಮಾತ್ರ ಸ್ವಲ್ಪ ತಡವಾದರೂ ಸೈರಿಸಿಕೊಳ್ಳುತ್ತದೆ, ಅದರಷ್ಟು ಗಟ್ಟಿ ಜೀವ ತರಕಾರಿಯಲ್ಲಿ ಇನ್ನೊಂದಿಲ್ಲ. ಹೀರೆ, ಹಾಗಲಕ್ಕೆ ಹಂದರ ಹಾಕಿದವರಿಗೆ ಇನ್ನೊಂದು ಲಾಭ: ಹಂದರದ ನೆರಳಲ್ಲಿ ರಾಜಗಿರಿ, ಮೆಂತೆ, ಸಬ್ಬಸಗಿ ಬಿತ್ತಬಹುದು. ಬಯಲಲ್ಲಿ ಮೆಂತೆ, ಕೊತ್ತಂಬರಿ ಈ ಬಿಸಿಲಿಗೆ ಎಲೆ ಬಿಡುವ ಮೊದಲೇ ಹೂವಿಗೆ ನಿಲ್ಲುತ್ತವೆ. ನೆರಳಲ್ಲಿ ಬೆಳೆಸಿ, ಇಪ್ಪತ್ತು-ಇಪ್ಪತ್ತೈದು ದಿನಕ್ಕೇ ಎಳೆಯದಾಗಿರುವಾಗ ಕಿತ್ತರೆ ಕೈಗೆ ದಕ್ಕುತ್ತದೆ. ಪುಂಡಿಪಲ್ಯಕ್ಕೆ ಈ ಉಪಚಾರವೂ ಬೇಡ. ಊಟದಲ್ಲಿ ಜೋಳದ ರೊಟ್ಟಿಯ ಜೊತೆ ಪುಂಡಿಪಲ್ಯ ಇರುವ ಸೀಮೆಯಲ್ಲಿ ಪಾಲಕ್ ಬೀಜ ಹುಡುಕಿಕೊಂಡು ಅಲೆಯುವುದು ನನಗಂತೂ ಅರ್ಥವಾಗದ ಸಂಗತಿ.

ಟೊಮೆಟೊ ಸೋಲುವುದೇಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜನ ಅತಿ ಹೆಚ್ಚು ನಡುವುದೂ, ನಿರಾಶರಾಗುವುದೂ ಅದರಲ್ಲೇ. ಹಗಲಿನ ತಾಪ 35 ಡಿಗ್ರಿ ದಾಟಿದರೆ, ರಾತ್ರಿಯೂ 21-22 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊ ಹೂವಿನ ಪರಾಗ ಕೆಲಸಕ್ಕೆ ಬಾರದಂತಾಗುತ್ತದೆ. ಹೂ ಬಿಡುತ್ತದೆ, ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಏಪ್ರಿಲ್‌ನಲ್ಲಿ ಇಲ್ಲಿ ಇರುವುದೇ ಆ ತಾಪ. ಇದರ ಜೊತೆಗೆ ಬಿಸಿಲಿನಲ್ಲಿ ಬಿಳಿನೊಣ ಹೆಚ್ಚಾಗಿ ಎಲೆಮುಟುರು ನಂಜನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಎಲೆಮುಟುರು ನಂಜು, ದುಂಡಾಣು ಸೊರಗು ರೋಗ, ಎಲೆ ಅಂಗಮಾರಿ ಈ ಮೂರನ್ನೂ ತಡೆಯುವ ತಳಿ, ಒಳ್ಳೆಯ ತಳಿಯೇ. ಆದರೆ ಸೆಕೆಗೆ ಹೂ ಉದುರುವುದು ರೋಗವಲ್ಲ, ಅದಕ್ಕೆ ಯಾವ ರಕ್ಷಕನೂ ಇಲ್ಲ. ಔಷಧಿ ಹೊಡೆದು ಪ್ರಯೋಜನವಿಲ್ಲ. ಟೊಮೆಟೊ ಗಿಡಕ್ಕೆ ಸೆಪ್ಟೆಂಬರ್-ಅಕ್ಟೋಬರ್‌ವರೆಗೆ ಕಾಯಿರಿ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಪೇಟೆಯ ಕಡೆ ತಲೆ ಹಾಕುವ ಕೆಲಸವಿರುವುದಿಲ್ಲ.

ಈಗ ಬೀಜದ ಮಾತು. ಹಾವೇರಿ ಸೀಮೆಯ ಹಿತ್ತಲಿನ ಪ್ರಶ್ನೆ ಬೇರೆ ಜಿಲ್ಲೆಗಳಿಗಿಂತ ಭಿನ್ನವಾಗುವುದು ಇಲ್ಲಿಯೇ.

ರಾಣೇಬೆನ್ನೂರು ಸುತ್ತಮುತ್ತಲಿನ ಹಳ್ಳಿಗಳು ದೇಶದ ಹೈಬ್ರಿಡ್ ತರಕಾರಿ ಬೀಜೋತ್ಪಾದನೆಯ ದೊಡ್ಡ ನೆಲೆಗಳಲ್ಲಿ ಒಂದು. ಮನಮೋಹನ ಅತ್ತಾವರ ಅವರು 1965ರಲ್ಲಿ ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಕಟ್ಟಿ, 1973ರಲ್ಲಿ ‘ಕರ್ನಾಟಕ’ ಎಂಬ ಹೈಬ್ರಿಡ್ ಟೊಮೆಟೊ, ‘ಭಾರತ್’ ಎಂಬ ಹೈಬ್ರಿಡ್ ದೊಣ್ಣಮೆಣಸಿನಕಾಯಿ ಹೊರತಂದ ಮೇಲೆ ಈ ಉದ್ಯಮ ಕುದುರಿಕೊಂಡಿತು. ಮುಂದಿನ ದಶಕಗಳಲ್ಲಿ ಒಂದರ ಹಿಂದೆ ಒಂದು ಕಂಪನಿ ಇತ್ತ ಬಂದವು. ಮಳೆ ಹದ, ಚಳಿ ಹದ, ಸಣ್ಣ ಹಿಡುವಳಿ, ಎಲ್ಲಕ್ಕಿಂತ ಹೆಚ್ಚಾಗಿ ನವಿರು ಕೆಲಸ ಬಲ್ಲ ಹೆಂಗಸರ ಕೈಗಳು ಇಲ್ಲಿ ಸಿಕ್ಕವು.

ಆ ಕೆಲಸವನ್ನು ಹತ್ತಿರದಿಂದ ನೋಡಬೇಕು. ಪರದೆ ಮನೆಯೊಳಗೆ ಸಾಲಾಗಿ ಟೊಮೆಟೊ ಗಿಡ. ಸಂಜೆ ಹೊತ್ತು, ನಾಳೆ ಅರಳಬೇಕಾದ ಮೊಗ್ಗು, ಅಂದರೆ ಎಸಳು ಇನ್ನೂ ಪೂರ್ತಿ ಹಳದಿಯಾಗದ ಮೊಗ್ಗನ್ನು ಹೆಣ್ಣುಮಗಳು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಬಲಗೈಯ ಚಿಮಟದಿಂದ ಒಳಗಿನ ಕೇಸರದ ಕೊಳವೆಯನ್ನು ಎಳೆದು ತೆಗೆಯುತ್ತಾಳೆ. ನಡುವಿನ ಕೂದಲೆಳೆಯಂಥ ಶಲಾಕೆಗೆ ಪೆಟ್ಟಾಗಬಾರದು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಗಿಡಗಳಿಂದ ತೆಗೆದ ಪರಾಗವನ್ನು ಬೆರಳಿಗೆ ತೊಟ್ಟ ಉಂಗುರದ ಬಟ್ಟಲಲ್ಲಿ ತುಂಬಿಕೊಂಡು ಬಂದು, ಶಲಾಕೆಯ ತುದಿಯನ್ನು ಅದರಲ್ಲಿ ಅದ್ದುತ್ತಾಳೆ. ಹೂವಿನ ಹಿಂದಿನ ಹಸಿರು ದಳಗಳಲ್ಲಿ ಎರಡನ್ನು ಕತ್ತರಿಸುತ್ತಾಳೆ. ಹಣ್ಣಾದಾಗ ತೊಟ್ಟಿನ ಹತ್ತಿರ ಎರಡು ದಳ ಕಡಿಮೆ ಇದ್ದರೆ ಅದು ಕೂಡಿಸಿದ ಹಣ್ಣು, ಬೀಜಕ್ಕೆ ಯೋಗ್ಯ. ಐದೂ ಇದ್ದರೆ ತಾನಾಗಿ ಕಟ್ಟಿದ್ದು, ತೆಗೆದು ಹಾಕಬೇಕು. ದೂರದ ಊರಿನ ಯಾವುದೋ ಹಿತ್ತಲಲ್ಲಿ ಮೊಳೆಯುವ ಬೀಜ ಹುಟ್ಟುವುದು ಹೀಗೆ.

ಇಷ್ಟೊಂದು ಬೀಜ ಮಾಡುವ ಸೀಮೆಯಲ್ಲಿ ಮನೆಗೆ ಬೇಕಾದ ಹಿಡಿ ಬೀಜವನ್ನು ಪೊಟ್ಟಣದಲ್ಲಿ ಕೊಳ್ಳುವ ಪರಿಸ್ಥಿತಿ ಬಂದಿದೆ. ಹೈಬ್ರಿಡ್ ತಪ್ಪು ಎನ್ನುವುದು ನನ್ನ ವಾದವಲ್ಲ. ಆ ಉದ್ಯಮ ಇಲ್ಲಿನ ಸಣ್ಣ ರೈತರಿಗೆ ಕೈಕಾಸು ಕೊಟ್ಟಿದೆ, ಮಾರಾಟಕ್ಕೆ ಬೆಳೆಯುವವನಿಗೆ ಒಂದೇ ಗಾತ್ರದ ಕಾಯಿ ಕೊಟ್ಟಿದೆ. ಆದರೆ ಹೈಬ್ರಿಡ್ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ಸಲ ತಾಯಿಯಂತೆ ಬರುವುದಿಲ್ಲ, ಒಂದೊಂದು ಗಿಡ ಒಂದೊಂದು ದಾರಿ ಹಿಡಿಯುತ್ತದೆ. ಹಿತ್ತಲಿಗೆ ಒಂದೇ ಗಾತ್ರದ ಕಾಯಿ ಬೇಕಿಲ್ಲ; ಒಮ್ಮೆಗೇ ಕೊಯ್ಲಿಗೆ ಬರುವ ಬೆಳೆಯೂ ಬೇಕಿಲ್ಲ. ದಿನಕ್ಕೆ ನಾಲ್ಕು ಕಾಯಿ, ಮೂರು ತಿಂಗಳು ಬಿಡಬೇಕು. ಅದಕ್ಕೆ ಜವಾರಿ ತಳಿ, ಇಲ್ಲವೇ ಬೀಜ ಎತ್ತಿಡಬಹುದಾದ ಸುಧಾರಿತ ತಳಿಯೇ ಸರಿ. ಬೆಂಡಿಯಲ್ಲಿ ‘ಅರ್ಕಾ ಅನಾಮಿಕಾ’ ಅಂಥದ್ದು. ಹಳದಿ ನಂಜನ್ನು ಬಹುಮಟ್ಟಿಗೆ ತಡೆಯುವಂತೆ ರೂಪಿಸಿದ ಈ ತಳಿಯ ಬೀಜವನ್ನು ಮನೆಯಲ್ಲೇ ಉಳಿಸಿಕೊಳ್ಳಬಹುದು.

ಬೀಜ ಎತ್ತುವುದಕ್ಕೆ ಚೈತ್ರ-ವೈಶಾಖದಂಥ ಕಾಲ ಇನ್ನೊಂದಿಲ್ಲ, ಬಿಸಿಲು ಪುಕ್ಕಟೆ. ಚವಳಿ, ಟೊಮೆಟೊ ತಮ್ಮೊಳಗೇ ಪರಾಗ ಕೂಡುವ ಬೆಳೆಗಳು, ಹೆಚ್ಚು ಚಿಂತೆಯಿಲ್ಲ. ಬೆಂಡಿ, ಬದನೆಯಲ್ಲಿ ಜೇನುಹುಳದಿಂದ ತುಸು ಬೆರಕೆಯಾಗುತ್ತದೆ. ಹೀರೆ, ಸೌತೆ, ಕುಂಬಳಕ್ಕೆ ಜೇನು ಬರಲೇಬೇಕು. ಆದರೆ ಹೀರೆ ಹಾಗಲದೊಂದಿಗೆ ಕೂಡುವುದಿಲ್ಲ, ಹೀರೆಯೊಂದಿಗೇ ಕೂಡುತ್ತದೆ. ಹಿತ್ತಲಲ್ಲಿ ಒಂದೇ ಬಗೆಯ ಹೀರೆ ಇದ್ದು, ಪಕ್ಕದ ಮನೆಯಲ್ಲಿ ಬೇರೆ ಬಗೆ ಇಲ್ಲದಿದ್ದರೆ ಬೀಜ ಶುದ್ಧ. ಒಳ್ಳೆಯ ಬಳ್ಳಿಯ ಎರಡನೆಯದೋ ಮೂರನೆಯದೋ ಕಾಯಿಯನ್ನು ಕೊಯ್ಯದೆ ಬಿಡಿ, ನಾರಾಗಿ ಒಣಗಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನಬೇಕು. ಸೌತೆ, ಕುಂಬಳದ ಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ಹೊಡೆಯುವ ಪದ್ಧತಿ ಹಳ್ಳಿಗಳಲ್ಲಿತ್ತು. ಸಿಮೆಂಟು ಗೋಡೆಯ ಮನೆಗಳಲ್ಲಿ ಅದು ನಡೆಯದು. ಬೂದಿ ಸವರಿ, ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದರೂ ಕೆಲಸ ಆಗುತ್ತದೆ.

ಬ್ಯಾಡಗಿಯ ವಿಷಯಕ್ಕೆ ಬಂದರೆ ಮೆಣಸಿನಕಾಯಿ ಬಿಟ್ಟು ಮಾತಿಲ್ಲ. ಖಾರ ಕಡಿಮೆ, ಬಣ್ಣ ಹೆಚ್ಚು, ಮೈಯೆಲ್ಲ ಸುಕ್ಕು ಇರುವ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಇದರಲ್ಲಿ ಎರಡು ಬಗೆ: ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳ್ಳಗೆ. ವಸಂತ ಬ್ಯಾಡಗಿಗೆ ಮಾರುಕಟ್ಟೆಯ ಕಾಲ. ಊರಿಗೆ ಊರೇ ಘಾಟು. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ರೊಚ್ಚಿಗೆದ್ದ ಬೆಳೆಗಾರರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಪ್ರಕರಣ ಇಡೀ ರಾಜ್ಯದ ಗಮನ ಸೆಳೆದಿತ್ತು. ಆ ಪ್ರಾಂಗಣಕ್ಕೆ ಬರುವ ಚೀಲಗಳಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಮಾಲೂ ಬಹಳ, ಹೈಬ್ರಿಡ್‌ಗಳೂ ಬಹಳ. ಊರಿನ ಹೆಸರು ಹೊತ್ತ ಮೂಲ ತಳಿಯ ಶುದ್ಧ ಬೀಜ ಉಳಿಸುವ ಕೆಲಸ ಹಿತ್ತಲಿಗೆ ಹೇಳಿಮಾಡಿಸಿದ್ದು. ಮೆಣಸಿನಗಿಡದಲ್ಲಿ ಜೇನು, ನೊಣಗಳಿಂದ ಬೆರಕೆ ಸುಲಭವಾಗಿ ಆಗುತ್ತದೆ. ಹಾಗಾಗಿ ಬೀಜಕ್ಕೆಂದು ಆರಿಸಿದ ಎರಡು ಮೂರು ಗಿಡಗಳಿಗೆ ಹೂ ಅರಳುವ ಮೊದಲೇ ಸೊಳ್ಳೆಪರದೆಯ ತುಂಡು ಹೊದಿಸಿ, ಕಾಯಿ ಕಚ್ಚಿದ ಮೇಲೆ ತೆಗೆಯಬೇಕು. ಬೀಜ ಬಿತ್ತುವುದು ಮೇ-ಜೂನ್‌ನಲ್ಲಿ. ಈಗ ಮಾಡಬೇಕಾದದ್ದು ಕಳೆದ ಸಲದ ಒಣಕಾಯಿಯಿಂದ ಚಲೋ ಬಣ್ಣದ್ದನ್ನು ಆರಿಸಿಡುವುದಷ್ಟೆ. ಹಾವೇರಿ ಹತ್ತಿರದ ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದ ಸಂಶೋಧನೆ ಮತ್ತು ವಿಸ್ತರಣಾ ಕೇಂದ್ರವಿದೆ; ಮೆಣಸಿನಕಾಯಿ ಬಗ್ಗೆ ಕೇಳಬೇಕಾದದ್ದನ್ನು ಅಲ್ಲಿ ಕೇಳಬಹುದು.

ಹಣ್ಣಿನ ಗಿಡಗಳಿಗೆ ಬರೋಣ. ವಸಂತ ನಿಜವಾಗಿ ಸೇರಿದ್ದು ಇವಕ್ಕೆ.

ಮಾವಿನಲ್ಲಿ ಜನ ಮಾಡುವ ಸಾಮಾನ್ಯ ತಪ್ಪು ಹೂವಿದ್ದಾಗ ನೀರು ಹಾಕಿ, ಕಾಯಿಯಿದ್ದಾಗ ಬಿಡುವುದು. ಆಗಬೇಕಾದದ್ದು ತಿರುಗಮುರುಗ. ಹೂ ಬಿಡುವಾಗ ಮರ ಒಣಗಿರಬೇಕು. ಮಿಡಿ ಬಟಾಣಿ ಗಾತ್ರಕ್ಕೆ ಬಂದಮೇಲೆ ಹತ್ತು-ಹದಿನೈದು ದಿನಕ್ಕೊಮ್ಮೆ ನೀರು ಕೊಟ್ಟರೆ ಕಾಯಿ ಉದುರುವುದು ಕಡಿಮೆಯಾಗುತ್ತದೆ, ಗಾತ್ರವೂ ಬರುತ್ತದೆ. ಕೊಯ್ಲಿಗೆ ಎರಡು ಮೂರು ವಾರ ಮೊದಲು ನಿಲ್ಲಿಸಿ. ನೀರು ಕಾಂಡದ ಬುಡಕ್ಕಲ್ಲ, ನಡುಹಗಲು ಮರದ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ. ನೀರು ಹೀರುವ ಎಳೆ ಬೇರುಗಳು ಇರುವುದು ಅಲ್ಲಿ. ಹೂಗೊಂಚಲಿಗೆ ಬೂದಿರೋಗ ಬಂದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಸಾಕು, ಅದೂ ತಂಪು ಹೊತ್ತಿನಲ್ಲಿ. ‘ಅಶ್ವಿನಿ ಸಸ್ಯನಾಶಿನಿ’ ಎನ್ನುವ ಮಾತು ಮಾವಿನ ಮಟ್ಟಿಗೆ ಸುಳ್ಳಲ್ಲ: ಏಪ್ರಿಲ್ ಮಧ್ಯದಲ್ಲಿ ಗಾಳಿ, ಆಲಿಕಲ್ಲು ಸೇರಿ ಬಂದರೆ ಒಂದು ಸಂಜೆಗೆ ಅರ್ಧ ಫಸಲು ನೆಲಕ್ಕೆ. ಅದಕ್ಕೆ ಮದ್ದಿಲ್ಲ, ಉಪ್ಪಿನಕಾಯಿ ಭರಣಿಯಿದೆ. ಹಾನಗಲ್ ಕಡೆಯ ಆಪೂಸ್ ನೋಡಿ ಮೂವತ್ತು-ನಲವತ್ತರ ಸೈಟಿನಲ್ಲಿ ಮಾವು ನೆಡುವವರಿಗೆ ಒಂದು ಮಾತು: ಆಪೂಸ್ ಒಂದು ವರ್ಷ ಬಿಟ್ಟರೆ ಮರುವರ್ಷ ಕೈಕೊಡುವ ಜಾತಿ, ಮರವೂ ದೊಡ್ಡದು. ಅಷ್ಟು ಜಾಗದಲ್ಲಿ ನಿಂಬಿ, ಪೇರಲ, ಕರಿಬೇವು, ನುಗ್ಗಿ ನೆಮ್ಮದಿಯಾಗಿ ಬದುಕುತ್ತವೆ.

ಪೇರಲವನ್ನು ವಸಂತದಲ್ಲಿ ಬಾಯಾರಿಸಬೇಕು ಎಂದರೆ ಹಲವರು ನಂಬುವುದಿಲ್ಲ. ಮಾರ್ಚ್‌ನಿಂದ ನೀರು ತಡೆದು, ಏಪ್ರಿಲ್-ಮೇನಲ್ಲಿ ಟೊಂಗೆಯ ತುದಿ ಕತ್ತರಿಸಿ ಬಿಟ್ಟರೆ ಮುಂಗಾರಿನ ಹೊಸ ಚಿಗುರಲ್ಲಿ ಹೂ ಬಂದು ಚಳಿಗಾಲದಲ್ಲಿ ಹಣ್ಣಾಗುತ್ತದೆ. ಮಳೆಗಾಲದ ಹಣ್ಣಿಗೆ ಹುಳ, ಚಳಿಗಾಲದ ಹಣ್ಣಿಗೆ ರುಚಿ. ಎಳೆಯ ಗಿಡಕ್ಕೆ ಮಾತ್ರ ಈ ಉಪವಾಸ ಬೇಡ. ಸೀತಾಫಲ ತಾನಾಗಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ, ಸತ್ತಿತೆಂದು ಕಡಿಯಬೇಡಿ; ಒಣ ಟೊಂಗೆ ತೆಗೆದರೆ ಮೊದಲ ಅಡ್ಡಮಳೆಗೆ ಚಿಗುರುತ್ತದೆ. ಚಿಕ್ಕುವಿಗೆ ಇವುಗಳಷ್ಟು ಆರೈಕೆ ಬೇಡ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಚ್‌ಎಸ್-1, ಡಿಎಚ್‌ಎಸ್-2 ತಳಿಗಳು ಈ ನೆಲದ ಹವೆಗೆ ಒಗ್ಗಿದವು. ಹಣ್ಣನ್ನು ಬಾವಲಿಯಿಂದ ಉಳಿಸಿಕೊಳ್ಳುವುದೇ ಅಲ್ಲಿನ ದೊಡ್ಡ ಕೆಲಸ. ಕಸಿ ಗಿಡ ಯಾವುದೇ ಇರಲಿ, ಕಸಿ ಕಟ್ಟಿದ ಗಂಟಿನ ಕೆಳಗೆ ಚಿಗುರು ಒಡೆದರೆ ಕೂಡಲೇ ಚಿವುಟಿ. ಅದನ್ನು ಬೆಳೆಯಬಿಟ್ಟರೆ ಮೇಲಿನ ಒಳ್ಳೆಯ ಜಾತಿ ಸೊರಗಿ ಕಾಡುಜಾತಿ ಉಳಿಯುತ್ತದೆ.

ತೆಂಗಿನ ಗರಿಯ ಕೆಳಗೆ ಬಿಳಿ ಸುರುಳಿ, ಕೆಳಗಿನ ಪೇರಲ, ಬಾಳೆ ಎಲೆಗಳ ಮೇಲೆ ಮಸಿ ಬಳಿದಂಥ ಕಪ್ಪು ಕಂಡರೆ ಅದು ಸುರುಳಿ ಬಿಳಿನೊಣ. 2016ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಂಡ ಈ ಪರದೇಶಿ ಕೀಟ ಈಗ ಎಲ್ಲ ಕಡೆ ಇದೆ, ಬೇಸಿಗೆಯಲ್ಲಿ ಹೆಚ್ಚುತ್ತದೆ. ಘಾಟು ಔಷಧಿ ಹೊಡೆದರೆ ಆ ಕೀಟವನ್ನು ಒಳಗಿನಿಂದ ತಿನ್ನುವ ಎನ್ಕಾರ್ಸಿಯಾ ಎಂಬ ಸಣ್ಣ ಕಣಜ ಮೊದಲು ಸಾಯುತ್ತದೆ. ರಭಸದ ನೀರು, ಬೇವಿನೆಣ್ಣೆ, ಹಳದಿ ಅಂಟುಹಾಳೆ, ಇಷ್ಟೇ ಸಾಕು.

ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಕೃಷಿ ಕಾಲೇಜೂ ಇದೆ. ಪೌಷ್ಟಿಕ ಕೈತೋಟದ ತರಬೇತಿ, ತರಕಾರಿ ಬೀಜದ ಕಿಟ್ ಇಂಥ ಕೇಂದ್ರಗಳ ಕಾರ್ಯಕ್ರಮಗಳಲ್ಲಿ ಇದ್ದೇ ಇರುತ್ತವೆ. ಒಳ್ಳೆಯದೇ. ಆದರೆ ಕೈತೋಟದಿಂದ ಮನೆಯ ತರಕಾರಿಯೆಲ್ಲ ದಕ್ಕುತ್ತದೆ ಎಂಬ ಮಾತು ಉತ್ಪ್ರೇಕ್ಷೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ-ಸೊಪ್ಪು, 100 ಗ್ರಾಂ ಹಣ್ಣು ಹೇಳಿದೆ. ನಾಲ್ಕು ಮಂದಿಯ ಮನೆಗೆ ದಿನಕ್ಕೆ 1.6 ಕಿಲೊ ತರಕಾರಿ. ಹತ್ತಡಿ ಮಡಿ ಬೇಸಿಗೆಯಲ್ಲಿ ಅಷ್ಟು ಕೊಡುವುದು ಅಸಾಧ್ಯ. ಸೊಪ್ಪು, ಕರಿಬೇವು, ನಿಂಬಿ, ನುಗ್ಗಿ, ಬಳ್ಳಿಯ ನಾಲ್ಕು ಕಾಯಿ ಮನೆಯದಾಗಲಿ, ಉಳಿದದ್ದು ಸಂತೆಯದು. ಸಂತೆಯ ಸೊಪ್ಪಿಗೇ ಔಷಧಿ ಹೆಚ್ಚು ಬೀಳುವುದರಿಂದ ಅದಷ್ಟು ಮನೆಯದಾದರೂ ಲಾಭವೇ. ಕೈತೋಟದ ಕಿಟ್ ಕೊಡುವವರು ಹೈಬ್ರಿಡ್ ಪೊಟ್ಟಣದ ಬದಲು ಎತ್ತಿಡಬಹುದಾದ ಬೀಜ ಕೊಡಬೇಕು, ಅದನ್ನು ಎತ್ತಿಡುವುದು ಹೇಗೆಂದು ಅರ್ಧ ದಿನ ಹೇಳಿಕೊಡಬೇಕು. ಪಕ್ಕದ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಸಿರಿಧಾನ್ಯದ ಬೀಜ ಬ್ಯಾಂಕ್ ನಡೆಸಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪ್ರಶಸ್ತಿ ಪಡೆಯಿತು. ಹಳ್ಳಿಯ ಹೆಂಗಸರು ಬೀಜ ಕಾಯಬಲ್ಲರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪರಾಗ ಕೂಡಿಸುವ ವಿದ್ಯೆಯೇ ಕೈಯಲ್ಲಿರುವ ರಾಣೇಬೆನ್ನೂರಿನ ಹೆಣ್ಣುಮಕ್ಕಳಿಗೆ ತರಕಾರಿ ಬೀಜ ಕಾಯುವುದು ಎಷ್ಟರ ಕೆಲಸ?

ಯುಗಾದಿಯಿಂದ ರೋಹಿಣಿ ಮಳೆಯವರೆಗೆ ಎರಡು ತಿಂಗಳಿದೆ. ಗಿಡ ನಡುವ ಆಸೆಯಿದ್ದವರು ಈಗಲೇ ಮೂರಡಿ ಆಳ, ಮೂರಡಿ ಅಗಲದ ಕುಣಿ ತೋಡಿ ಬಿಸಿಲಿಗೆ ಬಿಡಿ. ಮೇ ಕೊನೆಯಲ್ಲಿ ಮೇಲ್ಮಣ್ಣು, ತಿಪ್ಪೆಗೊಬ್ಬರ ಸೇರಿಸಿ ತುಂಬಿ. ಸಸಿಯನ್ನು ಜೂನ್‌ನಲ್ಲಿ, ನೆಲ ಒಂದು ಗೇಣು ಹಸಿಯಾದ ಮೇಲೆ ತನ್ನಿ. ಹಂದರದ ಮೇಲಿರುವ ಹೀರೆಕಾಯಿಗಳಲ್ಲಿ ಒಂದನ್ನು ಪಲ್ಯಕ್ಕೆ ಕೊಯ್ಯದೆ ಬೀಜಕ್ಕೆ ಬಿಡಿ, ಅದರಲ್ಲಿ ನೆರೆಮನೆಗೂ ಕೊಡುವಷ್ಟು ಬೀಜ ಇರುತ್ತದೆ.